ಸ್ಲೈಸ್ ಬಟನ್ ಒತ್ತಿದರೆ ವಿನ್ಯಾಸ ಆಗೋದಿಲ್ಲ ನೋಡ್ರಿ

ಭಾಗ 1

ಗಾಜಿನ ಬಾಟಲಿ ತುಂಬಿ ಬರುವ ರಟ್ಟಿನ ಡಬ್ಬಿಯೊಳಗೆ ಒಮ್ಮೆ ಇಣುಕಿ ನೋಡ್ರಿ. ಬಾಟಲಿಗೆ ಬಾಟಲಿ ಬಡಿಯಬಾರದು ಅಂತ ನಡುವೆ ರಟ್ಟಿನ ಪಟ್ಟಿಗಳು ಅಡ್ಡ, ಉದ್ದ ನಿಂತಿರ್ತಾವ. ಅಂಟು ಹಚ್ಚಿಲ್ಲ, ಪಿನ್ ಹೊಡೆದಿಲ್ಲ, ಟೇಪ್ ಸುತ್ತಿಲ್ಲ. ಒಂದು ಪಟ್ಟಿಗೆ ಮೇಲಿನಿಂದ ಅರ್ಧದವರೆಗೆ ಸೀಳು, ಅದಕ್ಕೆ ಅಡ್ಡ ಬರುವ ಪಟ್ಟಿಗೆ ಕೆಳಗಿನಿಂದ ಅರ್ಧದವರೆಗೆ ಸೀಳು. ಒಂದರೊಳಗೆ ಒಂದು ಇಳಿಸಿದರೆ ಎರಡೂ ತಾವಾಗೇ ನೆಟ್ಟಗೆ ನಿಲ್ತಾವ.

ನಾನು ಇಲ್ಲಿ ಹಾಕುವ ರಟ್ಟಿನ ಶಿಲ್ಪಗಳೆಲ್ಲ ಇಷ್ಟೇ. ಪಟ್ಟಿಯ ಅಂಚು ನೇರ ಇರುವ ಬದಲು ಎತ್ತಿನ ಬೆನ್ನಿನಂತೆ, ಗುಡಿಯ ಶಿಖರದಂತೆ ಬಾಗಿರುತ್ತದೆ, ಅಷ್ಟೇ ಫರಕು. ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿ, ಅದನ್ನು ಬ್ರೆಡ್ಡಿನಂತೆ ಹೋಳು ಮಾಡಿ, ಒಂದೊಂದು ಹೋಳಿಗೂ ಸೀಳು ಕೊಟ್ಟು, ರಟ್ಟಿನಲ್ಲಿ ಕತ್ತರಿಸಿ ಜೋಡಿಸೋದು.

ಕಳೆದ ಪೋಸ್ಟಿನ ಇಟಗಿ ಶಿಖರ ನೋಡಿ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: "ಅಣ್ಣಾರ, ಯಾವ ಸಾಫ್ಟ್‌ವೇರು? ಯಾವ ಬಟನ್ ಒತ್ತಿದ್ರಿ?" ಪ್ರಶ್ನೆ ತಪ್ಪಲ್ಲ. ಆದ್ರ ಹೆಸರೊಂದು ಹೇಳಿ ಕೈ ತೊಳಕೊಂಡ್ರ ನಾನು ನಿಮಗೆ ಮೋಸ ಮಾಡಿದಂಗ. ಹಂಗಾಗಿ ಈ ವಾರದ ಸರಣಿ ಪೂರ್ತಿ ಆ ಬಟನ್ನಿನ ಮೇಲೆ ನನ್ನ ತಕರಾರು. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂದಿರುವ ನಮ್ಮ ಕುಕನೂರು ತಾಲ್ಲೂಕಿನಲ್ಲಿ ಈ ತಕರಾರಿಗೆ ಬರೀ ಹವ್ಯಾಸಕ್ಕಿಂತ ಹೆಚ್ಚಿನ ತೂಕ ಐತಿ. ಯಾಕ ಅಂತ 7ನೇ ಭಾಗದಲ್ಲಿ ಹೇಳ್ತೀನಿ. ಮೊದಲು ರಟ್ಟು.

ಭಾಗ 2

ಬಟನ್ನಿನ ಕಥೆ ಹೀಗಿದೆ. ಆಟೋಡೆಸ್ಕ್ ಕಂಪನಿ 2011ರಲ್ಲಿ 123ಡಿ ಮೇಕ್ ಅಂತ ಒಂದು ಸಾಫ್ಟ್‌ವೇರ್ ಬಿಟ್ಟಿತು. ಪುಕ್ಕಟೆ. ಯಾವುದೇ ಮಾದರಿ ಅದರೊಳಗೆ ಹಾಕಿ, ರಟ್ಟಿನ ಉದ್ದ, ಅಗಲ, ದಪ್ಪ ಹೇಳಿದರೆ ಸಾಕು. ಒಂದರ ಮೇಲೊಂದು ಪೇರಿಸುವ ಹೋಳು ಬೇಕಾ, ಅಡ್ಡ-ಉದ್ದ ಹೆಣೆಯುವ ಹೋಳು ಬೇಕಾ, ನಡುವಿನಿಂದ ಸುತ್ತ ಹರಡುವ ಹೋಳು ಬೇಕಾ ಅಂತ ಕೇಳುತ್ತಿತ್ತು. ಒತ್ತಿದರೆ ಕಣ್ಣ ಮುಂದೆ ಆಕಾರ ಹೋಳಾಗಿ, ಸೀಳುಗಳು ಬಿದ್ದು, ಎಲ್ಲಾ ತುಣುಕಿಗೂ ನಂಬರ್ ಬರೆದು ಹಾಳೆ ಮೇಲೆ ಹಾಸಿ ಕೊಡುತ್ತಿತ್ತು. ಜೋಡಿಸಲು ಬಾರದ ತುಣುಕು ಇದ್ದರೆ ಕೆಂಪು ಬಣ್ಣ. ಜಗತ್ತಿನ ತುಂಬಾ ಗೋಡೆಗೆ ನೇತುಹಾಕಿದ ರಟ್ಟಿನ ಜಿಂಕೆ ತಲೆ ನೀವು ನೋಡೇ ಇರ್ತೀರಿ. ಅವುಗಳಲ್ಲಿ ಎಷ್ಟೋ ಇಂಥ ಬಟನ್ನಿಗೇ ಹುಟ್ಟಿದವು.

(ಜಿಂಕೆ ತಲೆ ಬಗ್ಗೆ ನನಗೆ ಬ್ಯಾರೇನೇ ಸಿಟ್ಟು ಐತಿ. ನಮ್ಮ ಹೊಲದಾಗ ಜಿಂಕೆ ಹಿಂಡು ಹೆಸರು ಬೆಳೆ ಮೇದು ಹೋಗ್ತಾವ, ರೈತರು ರಾತ್ರಿ ಕಾಯ್ತಾರ. ಮನಿ ಗೋಡೆ ಮ್ಯಾಲೂ ಅದ ಬೇಕಾ?)

2017ರಲ್ಲಿ ಕಂಪನಿ ಆ 123ಡಿ ಸರಣಿಯನ್ನೇ ನಿಲ್ಲಿಸಿತು. ಅದೇ ಕೆಲಸ ಸ್ಲೈಸರ್ ಫಾರ್ ಫ್ಯೂಷನ್ 360 ಅನ್ನೋ ಹೆಸರಿನಲ್ಲಿ ಉಳಿದುಕೊಂಡಿತು. ಅದನ್ನೂ ಕಂಪನಿ ಮುಂದೆ ಬೆಳೆಸಲಿಲ್ಲ. ಯಾರು ಬಟನ್ ಮಾತ್ರ ಕಲಿತಿದ್ದರೋ ಅವರ ಕಲೆಯೂ ಅಲ್ಲಿಗೇ ನಿಂತಿತು. ಸೀಳು ಯಾಕೆ ಅರ್ಧಕ್ಕೆ ನಿಲ್ಲಬೇಕು ಅಂತ ಗೊತ್ತಿದ್ದವರು ಬ್ಲೆಂಡರ್, ಫ್ರೀಕ್ಯಾಡ್ ಕಡೆ ಹೋದರು. ಇವೆರಡೂ ಪುಕ್ಕಟೆ, ಮುಕ್ತ ಸಾಫ್ಟ್‌ವೇರ್. ಯಾವ ಕಂಪನಿಯೂ ಒಂದು ದಿನ ಬಾಗಿಲು ಹಾಕಿ ಕಿತ್ತುಕೊಳ್ಳಲು ಬರೋದಿಲ್ಲ. ಹೋಳು ಎಲ್ಲಿ ಬೀಳಬೇಕು ಅಂತ ಒಂದೊಂದಾಗಿ ನೀವೇ ಹೇಳಬೇಕು. ಹೊತ್ತು ಹಿಡಿಯುತ್ತೆ. ನನಗೆ ಕೇಳಿದ್ರ ಆ ಹೊತ್ತಿನಾಗೇ ಕಲಿಯೋದು ಇರೋದು.

ಭಾಗ 3

ಸಾಫ್ಟ್‌ವೇರಿಗೆ ರಟ್ಟು ಅಂದರೆ ಏನು? ಒಂದು ಅಂಕಿ. 3 ಮಿಲಿಮೀಟರ್. ಮುಗೀತು.

ಕಿರಾಣಿ ಅಂಗಡಿಯಿಂದ ತಂದ ಡಬ್ಬಿಯನ್ನು ಸೀಳಿ ಅಂಚು ನೋಡ್ರಿ. ಮೇಲೊಂದು ಕೆಳಗೊಂದು ಚಪ್ಪಟೆ ಕಾಗದ, ನಡುವೆ ಅಲೆ ಅಲೆಯಾದ ಕಾಗದ. ಆ ಅಲೆಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ, ಸಣ್ಣ ಸಣ್ಣ ಕೊಳವೆ ಜೋಡಿಸಿಟ್ಟಂತೆ. ಕೊಳವೆ ನೆಟ್ಟಗೆ ನಿಲ್ಲಿಸಿದರೆ ಭಾರ ಹೊರುತ್ತದೆ. ಅಡ್ಡ ಮಲಗಿಸಿದರೆ ಪುಸ್ತಕದಂತೆ ಮಡಚಿಕೊಳ್ಳುತ್ತದೆ. ಗೋದಾಮಿನಲ್ಲಿ ಡಬ್ಬಿ ಮೇಲೆ ಡಬ್ಬಿ ಆಳೆತ್ತರ ಒಟ್ಟಿದರೂ ಕೆಳಗಿನದು ಯಾಕ ಕುಸಿಯಂಗಿಲ್ಲ ಅಂದ್ರ, ಡಬ್ಬಿ ಗೋಡೆಯೊಳಗಿನ ಅಲೆಗಳು ಮೇಲಿಂದ ಕೆಳಕ್ಕೆ ನಿಂತಿರುತ್ತವೆ. ಡಬ್ಬಿ ಮಾಡೋರಿಗೆ ಇದು ಗೊತ್ತು. ಹಮಾಲರಿಗೂ ಗೊತ್ತು. ಡಬ್ಬಿ ಅಡ್ಡ ಮಲಗಿಸಿ ಒಟ್ಟಿದ್ರ ಬೈತಾರ. ಬಟನ್ನಿಗೆ ಗೊತ್ತಿಲ್ಲ.

ಬಟನ್ ಮಾಡುವ ಕೆಲಸ ಏನಂದರೆ, ತುಣುಕುಗಳನ್ನು ಹಾಳೆ ಮೇಲೆ ಆದಷ್ಟು ಒತ್ತೊತ್ತಾಗಿ ಹಾಸುವುದು. ರಟ್ಟು ಉಳಿಯಲಿ ಅಂತ ಒಂದನ್ನು ನೆಟ್ಟಗೆ ಇಡುತ್ತೆ, ಇನ್ನೊಂದನ್ನು ತಿರುಗಿಸಿ ಸಂದಿಗೆ ತೂರಿಸುತ್ತೆ. ತಗಡು, ಪ್ಲೈವುಡ್ ಆಗಿದ್ದರೆ ನಡೆದೀತು. ರಟ್ಟಿನಲ್ಲಿ ಹೀಗೆ ಮಾಡಿದರೆ ಎತ್ತಿನ ಮುಂಗಾಲಿನ ಅಲೆ ನೆಟ್ಟಗೆ, ಹಿಂಗಾಲಿನ ಅಲೆ ಅಡ್ಡ. ತೆರೆ ಮೇಲೆ ಎಲ್ಲಾ ಸರಿ, ಒಂದು ತುಣುಕೂ ಕೆಂಪಗಿಲ್ಲ. ಜೋಡಿಸಿದ ದಿನ ಎತ್ತು ನಿಲ್ಲುತ್ತದೆ. ಮಳೆಗಾಲದ ತಂಪು ಗಾಳಿ ನಾಲ್ಕು ದಿನ ಬೀಸಿದರೆ ಹಿಂಗಾಲು ಮಂಡಿಯೂರುತ್ತದೆ. ಕುಂಟೆತ್ತು.

ಇದಕ್ಕೆ ಮದ್ದು ಸಾದಾ. ಭಾರ ಹೊರುವ ಒಂದೊಂದು ತುಣುಕಿನ ಮೇಲೂ ಬಾಣದ ಗುರುತು ಹಾಕಿ: ಅಲೆ ಈ ದಿಕ್ಕಿಗೆ. ಆಮೇಲೆ ಹಾಳೆ ಮೇಲೆ ತುಣುಕುಗಳನ್ನು ಕೈಯಾರೆ ಹಾಸಿ. ಎರಡು ಡಬ್ಬಿ ಹೆಚ್ಚಿಗೆ ಹೋಗುತ್ತದೆ, ಹೋಗಲಿ. ರದ್ದಿ ರಟ್ಟೇ ಅಲ್ಲವಾ. ಕೋಡು, ಬಾಲದಂಥ ತುಣುಕಿಗೆ ಈ ಚಿಂತೆ ಬೇಡ, ಅವನ್ನು ಎಲ್ಲಿ ಬೇಕಾದರೂ ತೂರಿಸಿ.

ಭಾಗ 4

ಈಗ ಆ "3 ಮಿಲಿಮೀಟರ್" ಅನ್ನೋ ಅಂಕಿಗೆ ಬರೋಣ. ಈ ಭಾಗದಾಗ ಸ್ವಲ್ಪ ಲೆಕ್ಕ ಐತಿ, ಬ್ಯಾಸರ ಆದ್ರ ಐದಕ್ಕೆ ಹಾರ್ರಿ.

ಮೂರು ಪ್ಲೈ ರಟ್ಟು ಸುಮಾರು 3 ಮಿಮೀ, ಐದು ಪ್ಲೈ 6ರಿಂದ 7 ಮಿಮೀ ಅಂತ ಹೇಳಬಹುದು. ಆದರೆ ಲಾರಿಯಲ್ಲಿ ಒತ್ತಿ, ಮಳೆಯಲ್ಲಿ ತೊಯ್ದು, ಅಂಗಡಿ ಮೂಲೆಯಲ್ಲಿ ಬಿದ್ದಿದ್ದ ಡಬ್ಬಿಯ ದಪ್ಪ ಅದಕ್ಕಿಂತ ಕಮ್ಮಿ ಆಗಿರುತ್ತದೆ. ವರ್ನಿಯರ್ ಹಿಡಿದು ಮೂರು ಕಡೆ ಅಳೀರಿ, ಮೂರು ಅಂಕಿ ಬರುತ್ತವೆ. ಸೀಳಿನ ಅಗಲ ದಪ್ಪಕ್ಕಿಂತ ಹೆಚ್ಚಾದರೆ ಶಿಲ್ಪ ಹಲ್ಲು ಸಡಿಲಾದ ಅಜ್ಜನಂತೆ ಅಲ್ಲಾಡುತ್ತೆ. ಕಮ್ಮಿಯಾದರೆ ತೂರಿಸುವಾಗ ಅಂಚು ಜಜ್ಜಿ ಹೋಗುತ್ತೆ.

ನಾನು ಹೊಸ ಡಬ್ಬಿ ಬಂದಾಗೆಲ್ಲ ಮೊದಲು ಒಂದು ಬಾಚಣಿಗೆ ಕತ್ತರಿಸ್ತೀನಿ. ಒಂದು ಪಟ್ಟಿಗೆ ಸಾಲಾಗಿ 2.6, 2.8, 3.0, 3.2 ಮಿಮೀ ಸೀಳು. ಅದೇ ರಟ್ಟಿನ ತುಂಡನ್ನು ಒಂದೊಂದಕ್ಕೂ ತೂರಿಸಿ ನೋಡೋದು. ಯಾವುದರಲ್ಲಿ ಕೈಬಿಟ್ಟರೂ ಬೀಳೋದಿಲ್ಲವೋ, ಬೆರಳಲ್ಲಿ ಎಳೆದರೆ ಬರುತ್ತದೋ, ಅದೇ ಅಳತೆ. ಲೇಸರಿನಲ್ಲಿ ಕತ್ತರಿಸಿದರೆ ಕಿರಣವೂ ಒಂದು ಕೂದಲೆಳೆ ರಟ್ಟು ಸುಟ್ಟು ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ಕಟರಿನಲ್ಲಿ ಕೈಯಿಂದ ಕತ್ತರಿಸಿದರೆ ಆ ಚಿಂತೆ ಇಲ್ಲ.

ಎರಡು ತುಣುಕು ನೇರ ಅಡ್ಡಹಾಯ್ದರೆ, ಅಂದರೆ 90 ಡಿಗ್ರಿಯಾದರೆ, ದಪ್ಪದಷ್ಟೇ ಸೀಳು ಸಾಕು. ಓರೆಯಾಗಿ 60 ಡಿಗ್ರಿಯಲ್ಲಿ ಹಾಯ್ದರೆ 3 ಮಿಮೀ ರಟ್ಟಿಗೆ ಸೀಳು 5 ಮಿಮೀ ದಾಟುತ್ತದೆ. ಓರೆಯಾಗಿ ನಿಂತ ಹಾಳೆ ಹೆಚ್ಚು ಜಾಗ ಕೇಳುತ್ತದೆ, ಬಾಗಿಲೊಳಗೆ ಮಂಚ ಓರೆ ಮಾಡಿ ತೂರಿಸಿದವರಿಗೆ ಇದು ಗೊತ್ತು.

"ಹಂಗಾದ್ರ ಕಂಪ್ಯೂಟರ್ ಯಾಕ್ರಿ, ಪೆನ್ಸಿಲ್ ಸ್ಕೇಲಿನಾಗೇ ಮಾಡಬಹುದಲ್ಲ?" ಮಾಡಬಹುದು, ಮೊದಲ ಎರಡು ಶಿಲ್ಪ ಹಂಗೇ ಮಾಡ್ರಿ ಅಂತೀನಿ. ಕಂಪ್ಯೂಟರಿನ ಉಪಕಾರ ಗೊತ್ತಾಗೋದು ಮೂರು ಪ್ಲೈ ಮುಗಿದು ಐದು ಪ್ಲೈ ಡಬ್ಬಿ ಸಿಕ್ಕಾಗ. ಫ್ರೀಕ್ಯಾಡಿನಲ್ಲಿ "ದಪ್ಪ" ಅನ್ನೋದನ್ನು ಒಂದೇ ಕಡೆ ಬರೆದು ಎಲ್ಲಾ ಸೀಳನ್ನೂ ಅದಕ್ಕೆ ಕಟ್ಟಿಹಾಕಿದ್ದರೆ, 3.0 ಅಳಿಸಿ 6.4 ಅಂತ ಬರೆದರೆ ನಲವತ್ತು ಸೀಳೂ ಒಟ್ಟಿಗೆ ಬದಲಾಗುತ್ತವೆ. ಇಂಥ ದುಡಿಮೆಗೆ ಯಂತ್ರ ಬೇಕು.

ಭಾಗ 5

ಎತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮಕ್ಕಳು ಹಸಿ ಮಣ್ಣಿನಿಂದ ಜೋಡೆತ್ತು ಮಾಡ್ತಾರ. ಒಂದು ಹಿಡಿ ಮಣ್ಣು, ನಾಲ್ಕು ಚಿವುಟು, ಎತ್ತು ತಯಾರು. ಎಂಟು ವರ್ಷದ ಹುಡುಗಿ ಮಾಡಿದ್ದನ್ನೂ ಯಾರೂ ಕತ್ತೆ ಅನ್ನಂಗಿಲ್ಲ. ಯಾಕ? ಹೆಗಲ ಮೇಲಿನ ಡುಬ್ಬ ಮತ್ತು ಕೋಡು ಆಕಿ ಮರೆಯೋದಿಲ್ಲ. ಬಾಕಿ ಹೆಂಗಿದ್ರೂ ನಡೀತದ.

ಅದೇ ಎತ್ತನ್ನು ಕಂಪ್ಯೂಟರಿಗೆ ಕೊಟ್ಟು "20 ಮಿಮೀಗೆ ಒಂದು ಹೋಳು" ಅಂತ ಬಟನ್ ಒತ್ತಿ ನೋಡ್ರಿ. ಮೂತಿಯಿಂದ ಬಾಲದ ತನಕ ಸರಿಯಾಗಿ 20 ಮಿಮೀಗೆ ಒಂದೊಂದು ಹೋಳು ಬೀಳುತ್ತೆ. ಡುಬ್ಬದ ನೆತ್ತಿ ಎರಡು ಹೋಳಿನ ನಡುವೆ ಬಿದ್ದರೆ ಅದು ಮಾಯ. ಬೆನ್ನು ಸಪಾಟು. ನೀವು ಮಾಡಿದ್ದು ಎತ್ತು, ಜೋಡಿಸಿದ್ದು ಕತ್ತೆ.

ಕೈಯಿಂದ ಹೋಳು ಹಾಕುವವರು ಮೊದಲು ಕೇಳೋದು ಎತ್ತು ಎಲ್ಲಿ ಎತ್ತಾಗಿದೆ ಅಂತ. ಬೆನ್ನ ನಡುವೆ ಮೂತಿಯಿಂದ ಬಾಲದವರೆಗೆ ಒಂದೇ ಉದ್ದ ತುಣುಕು, ಅದರ ಅಂಚಿನಲ್ಲೇ ಹಣೆ, ಡುಬ್ಬ, ಬಾಲದ ಬುಡ ಎಲ್ಲಾ ಇರಬೇಕು. ಅಡ್ಡ ಹೋಳುಗಳಲ್ಲಿ ಒಂದು ಡುಬ್ಬದ ನೆತ್ತಿಗೆ, ಒಂದು ಮುಂಗಾಲಿಗೆ, ಒಂದು ಹಿಂಗಾಲಿಗೆ ಕಡ್ಡಾಯ. ಉಳಿದವು ಎಲ್ಲಿ ಬೇಕಾದರೂ ಬೀಳಲಿ. ಹೊಟ್ಟೆ ಭಾಗದಲ್ಲಿ ಬಿಡುವಾಗಿ, ಮುಖದ ಹತ್ತಿರ ಒತ್ತೊತ್ತಾಗಿ. ಸಮಾನ ಅಂತರ ಅನ್ನೋದು ಯಂತ್ರದ ಸೋಮಾರಿತನ ಅಂತ ನನ್ನ ವಾದ.

ಹೋಳಿನ ದಿಕ್ಕೂ ಹಾಗೇ. ಎತ್ತನ್ನು ನೆಲಕ್ಕೆ ಸಮನಾಗಿ ಹೋಳು ಮಾಡಿದರೆ ಕಾಲಿನ ಮಟ್ಟದಲ್ಲಿ ಒಂದು ಹೋಳು ಅನ್ನೋದು ನಾಲ್ಕು ಬಿಡಿ ಬಿಲ್ಲೆ ಆಗುತ್ತೆ, ಒಂದಕ್ಕೊಂದು ಸಂಬಂಧ ಇಲ್ಲ. ನೆಟ್ಟಗೆ ಅಡ್ಡ ಹೋಳು ಮಾಡಿದರೆ ಎರಡು ಕಾಲು, ನಡುವೆ ಹೊಟ್ಟೆ, ಕಮಾನಿನಂತೆ ಒಂದೇ ತುಣುಕು. ಇನ್ನೊಂದು: ಯಾವ ತುಣುಕಾದರೂ ಕನಿಷ್ಠ ಎರಡು ಕಡೆ ಬೇರೆ ತುಣುಕಿಗೆ ಸಿಕ್ಕಿರಬೇಕು. ಒಂದೇ ಕಡೆ ಸಿಕ್ಕಿದ್ದು ಸಂದಿ ಸ್ವಲ್ಪ ಸಡಿಲಾದರೂ ವಾಲುತ್ತದೆ.

ಜೋಡಿಸುವ ಸರದಿಯನ್ನಂತೂ ಎರಡು ಸಲ ಮನಸ್ಸಿನಲ್ಲೇ ಜೋಡಿಸಿ ನೋಡಬೇಕು. ಹೊಟ್ಟೆಯೊಳಗಿನ ತುಣುಕು ಕೊನೆಗೆ ಉಳಿದರೆ ಅದನ್ನು ಒಳಗೆ ಒಯ್ಯಲು ದಾರಿಯೇ ಇರೋದಿಲ್ಲ.

ಭಾಗ 6

ಇಟಗಿ ಶಿಖರದ ಬಗ್ಗೆ ಕೇಳಿದವರಿಗೆ.

ಕುಕನೂರಿನಿಂದ ಇಟಗಿ ಕೂಗಳತೆ ಅಲ್ಲದಿದ್ದರೂ ದೂರವೇನಲ್ಲ. ಅಲ್ಲಿನ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಅಂತ ಕರೆಯುತ್ತದೆ. ಬಳಪದ ಕಲ್ಲು, ಗಾರೆ ಇಲ್ಲದ ಕಟ್ಟಡ, ಕಲ್ಲಿನ ಮೇಲೆ ಕಲ್ಲು ತೂಕದಿಂದಲೇ ಕೂತಿದೆ.

ಶಿಖರವನ್ನು ನೆಟ್ಟಗೆ ಹೋಳು ಮಾಡಿದರೆ ನೋಡಲು ಗುಡ್ಡದಂತೆ ಕಾಣುತ್ತದೆ, ಗುಡಿಯಂತೆ ಅಲ್ಲ. ಯಾಕಂದರೆ ಅದರ ಚೆಲುವು ಗೋಡೆ ಒಳಗೆ ಹೊರಗೆ ಮುರಿದು ಮುರಿದು ಬರುವುದರಲ್ಲಿ, ಆ ಮುರಿತವೇ ಅಂತಸ್ತು ಅಂತಸ್ತಾಗಿ ಸಣ್ಣದಾಗುತ್ತಾ ಮೇಲೇರುವುದರಲ್ಲಿದೆ. ಅದಕ್ಕೆ ನೆಲಕ್ಕೆ ಸಮನಾದ ಹೋಳುಗಳನ್ನೇ ಮುಖ್ಯ ಮಾಡಿ, ಅವನ್ನು ಹಿಡಿದಿಡಲು ನಡುವೆ ನಾಲ್ಕು ನೆಟ್ಟ ತುಣುಕು ಮಾತ್ರ ಇಟ್ಟೆ. ಕಲ್ಲುಕುಟಿಗರು ಕೆಳಗಿನಿಂದ ಥರ ಥರವಾಗಿ ಹೇಗೆ ಏರಿಸಿದರೋ ರಟ್ಟೂ ಹಾಗೇ ಏರಿತು.

ಅದೇ ಗುಡಿಯ ಮಂಟಪದ ಕಂಬಗಳಿಗೆ ಈ ಉಪಾಯ ನಡೆಯೋದಿಲ್ಲ. ಅವನ್ನು ತಿರುಗಣೆಯಲ್ಲಿ ಕಡೆದಿದ್ದಾರೆ, ಯಾವ ಕಡೆಯಿಂದ ನೋಡಿದರೂ ಅಂಚು ಒಂದೇ. ಹಾಗಾಗಿ ಒಂದೇ ಅಂಚು ಬರೆದು, ಎಂಟು ಸಲ ಕತ್ತರಿಸಿ, ನಡುವಿನಿಂದ ಸುತ್ತ ಹರಡಿ, ಮೇಲೊಂದು ಕೆಳಗೊಂದು ಬಿಲ್ಲೆಯ ಸೀಳಿಗೆ ಸಿಕ್ಕಿಸಿದರೆ ಕಂಬ. ಮೂಲವನ್ನು ಹೇಗೆ ಮಾಡಿದರು ಅಂತ ತಿಳಿದರೆ ಹೋಳು ಹೇಗೆ ಮಾಡಬೇಕು ಅಂತ ತಾನಾಗೇ ತಿಳಿಯುತ್ತೆ.

ಇನ್ನೂ ಹಿಂದೆ ಹೋಗಬೇಕೆಂದರೆ ನಮ್ಮ ಜಿಲ್ಲೆಯದೇ ಹಿರೇಬೆಣಕಲ್, ಗಂಗಾವತಿ ಕಡೆ. ಮೋರ್ಯರ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕಿಂತ ಹಳೆಯ ಕಲ್ಲುಮನೆಗಳು ನೂರಾರು. ಚಪ್ಪಡಿ ಎಬ್ಬಿಸಿ, ಮೂರು ಕಡೆ ಒಂದಕ್ಕೊಂದು ಆತು ನಿಲ್ಲಿಸಿ, ಮೇಲೊಂದು ಹೊದಿಸಿದ್ದಾರೆ. ಚಪ್ಪಟೆ ಹಾಳೆಗಳಿಂದ ಅಂಟಿಲ್ಲದೆ ಆಕಾರ ಕಟ್ಟೋದು ನಮಗೆ ಹೊಸದಲ್ಲ ಅಂತ ಯಾರಾದರೂ ಹುಬ್ಬೇರಿಸಿದರೆ ನಾನು ಆ ಗುಡ್ಡ ತೋರಿಸ್ತೀನಿ.

ಭಾಗ 7

ಈಗ ಅಸಲಿ ಮಾತು.

ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಬೆಳಗಾವಿಯ ಏಕಸ್ ಕಂಪನಿಯ ಯೋಜನೆ. 40 ಸಾವಿರ ಉದ್ಯೋಗದ ಮಾತು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಗುಳೆ ಹೋಗುವುದು ತಪ್ಪಿದರೆ ಸಾಕು ಅನ್ನುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೆ ಹೇಳಬೇಕಿಲ್ಲ. ಊರ ಪಕ್ಕದಲ್ಲೇ ತಿಂಗಳ ಪಗಾರ ಸಿಗೋದನ್ನು ನಾನು ಹಗುರ ಮಾಡಿ ಮಾತಾಡೋದಿಲ್ಲ. ಜೋಡಿಸುವ, ಬಣ್ಣ ಹಚ್ಚುವ, ಪ್ಯಾಕ್ ಮಾಡುವ ಕೆಲಸ ಮರ್ಯಾದೆಯ ಕೆಲಸ.

ಆದರೆ ಆಟಿಕೆ ಉದ್ಯಮದ ರೂಢಿ ಹಳೆಯದು. ಬಾರ್ಬಿ ಗೊಂಬೆ 1959ರಲ್ಲಿ ಬಂದಾಗ ಅದರ ಕಂಪನಿ ಇದ್ದದ್ದು ಅಮೆರಿಕದಲ್ಲಿ, ಗೊಂಬೆ ತಯಾರಾದದ್ದು ಜಪಾನಿನಲ್ಲಿ. ಮುಂದೆ ಕೂಲಿ ಅಗ್ಗ ಇದ್ದ ಕಡೆಗೆಲ್ಲ ತಯಾರಿಕೆ ನಡೆದು ಹೋಯಿತು. ತಯಾರಿಕೆ ಊರೂರು ಸುತ್ತುತ್ತೆ, ನಕ್ಷೆ ಬರೆಯುವ ಕೋಣೆ ಮಾತ್ರ ಅಷ್ಟು ಸುಲಭಕ್ಕೆ ಜಾಗ ಬಿಡೋದಿಲ್ಲ.

ನನ್ನ ಪ್ರಶ್ನೆ ಆ ಕೋಣೆ ಬಗ್ಗೆ. ಹತ್ತು ವರ್ಷದ ಮೇಲೆ ಕುಕನೂರು, ಯಲಬುರ್ಗಾ, ಕುಷ್ಟಗಿ ಹುಡುಗ ಹುಡುಗಿಯರು ಯಾರೋ ಕಳಿಸಿದ ಫೈಲನ್ನು ತುಣುಕು ಮಾಡಿ ಜೋಡಿಸ್ತಾ ಇರ್ತಾರಾ, ಅಥವಾ ಆ ಫೈಲ್ ತೆರೆದು "ಈ ಕಾಲು ನಿಲ್ಲಂಗಿಲ್ಲ ಸರ್, ಇಲ್ಲಿ ಹೋಳಿನ ದಿಕ್ಕು ಬದಲು ಮಾಡಬೇಕು" ಅಂತ ಹೇಳೋರು ಆಗಿರ್ತಾರಾ? ಈ ಎರಡನೇ ಮಾತು ಹೇಳಲು ದೊಡ್ಡ ಡಿಗ್ರಿಗಿಂತ ಮೊದಲು ಬೇಕಾದದ್ದು, ಹಾಳೆಯಿಂದ ಆಕಾರ ಕಟ್ಟಿ, ಅದು ಬಿದ್ದು, ಯಾಕೆ ಬಿತ್ತು ಅಂತ ಹುಡುಕಿದ ಅಭ್ಯಾಸ. ಅದು ಹನ್ನೆರಡು, ಹದಿಮೂರನೇ ವಯಸ್ಸಿಗೆ ಶುರು ಆಗಬೇಕು. ಬಟನ್ ಒತ್ತಿ ರೆಡಿ ಜಿಂಕೆ ತಲೆ ತೆಗೆದ ಮಗುವಿಗೆ ಆ ಅಭ್ಯಾಸ ಬರೋದಿಲ್ಲ. ಅದು ಮನೆಯಲ್ಲೇ ಕೂತು ಮಾಡುವ ಜೋಡಣೆ ಕೆಲಸ, ಪಗಾರ ಇಲ್ಲ ಅಷ್ಟೇ.

ಭಾಗ 8

"ನಮ್ಮಲ್ಲಿ ಕಿನ್ನಾಳ ಕಲೆ ಇರುವಾಗ ಈ ರಟ್ಟು, ಕಂಪ್ಯೂಟರ್ ಯಾಕೆ?" ಅಂತ ಹಿರಿಯರೊಬ್ಬರು ಕಾಮೆಂಟಿನಲ್ಲಿ ಕೇಳಿದ್ದರು. ಒಳ್ಳೇ ಪ್ರಶ್ನೆ, ಉದ್ದಕ್ಕೆ ಉತ್ತರ ಕೊಡ್ತೀನಿ.

ಕಿನ್ನಾಳದ ಚಿತ್ರಗಾರರ ಕೆಲಸ ಹತ್ತಿರದಿಂದ ನೋಡಿದವರಿಗೆ ಗೊತ್ತು. ಹಗುರ ಮರದಲ್ಲಿ ಭಾಗ ಭಾಗವಾಗಿ ಮೂರ್ತಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದ್ದು ಕಿಟ್ಟ. ಅದನ್ನು ಮೈ ತುಂಬಾ ಮೆತ್ತಿ, ಹತ್ತಿ ಬಟ್ಟೆಯ ಚೂರು ಅಂಟಿಸಿ, ಮೇಲೆ ಕಲ್ಲುಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳನ್ನು ಕಲ್ಲುಪುಡಿ-ಅಂಟಿನ ಮಿಶ್ರಣದಿಂದ ಉಬ್ಬಿಸ್ತಾರೆ. ಭೌಗೋಳಿಕ ಗುರುತು ಸಿಕ್ಕ ಕಲೆ ಇದು.

ನನ್ನ ರಟ್ಟಿನ ಎತ್ತು ಇದರ ಪಕ್ಕ ಬರೀ ಅಸ್ಥಿಪಂಜರ. ಅದಕ್ಕೆ ಚರ್ಮ ಇಲ್ಲ, ಕಣ್ಣು ಬರೆಯುವ ಕೈ ಇಲ್ಲ. ಪೈಪೋಟಿಯ ಮಾತೇ ಬರೋದಿಲ್ಲ. ಆದರೆ ಅಸ್ಥಿಪಂಜರ ಅನ್ನೋ ಮಾತಿನಲ್ಲೇ ಒಂದು ದಾರಿ ಐತಿ. ದೊಡ್ಡ ಗರುಡ, ಆಳೆತ್ತರದ ಮೂರ್ತಿಗೆ ಒಳಗೆ ಸೀಳು ರಟ್ಟಿನ ಗೂಡು, ಹೊರಗೆ ಕಿಟ್ಟ ಮೆತ್ತಿದರೆ? ತೂಕ ಕಮ್ಮಿ, ಮರ ಉಳಿಯುತ್ತೆ. ರಟ್ಟು ತೇವ ಕುಡಿಯುತ್ತೆ, ಒಣಗುವಾಗ ಸೊಟ್ಟ ಆಗುತ್ತೆ, ಅದಕ್ಕೆ ಏನು ಮಾಡೋದು ಅಂತ ಪ್ರಯೋಗ ಆಗಬೇಕು. ಆ ಪ್ರಯೋಗದಲ್ಲಿ ಗುರು ಚಿತ್ರಗಾರರೇ, ಕಂಪ್ಯೂಟರ್ ಕಲಿತವರು ಕೈಗೂಸು.

ಹೆದರಬೇಕಾದ್ದು ಬೇರೆ ಕಡೆ. ಈಗ ಮೊಬೈಲ್ ಕ್ಯಾಮೆರಾದಿಂದಲೇ ಒಂದು ಮೂರ್ತಿಯ ಸುತ್ತ ಫೋಟೊ ತೆಗೆದು ಮೂರು ಆಯಾಮದ ಮಾದರಿ ಮಾಡಬಹುದು. ಕಿನ್ನಾಳದ ಗರುಡನನ್ನು ಹಾಗೆ ತೆಗೆದು, ಬಟನ್ ಒತ್ತಿ ಹೋಳು ಮಾಡಿ, "ಕರ್ನಾಟಕ ಹೆರಿಟೇಜ್ ಕಿಟ್" ಅಂತ ಡಬ್ಬಿಯಲ್ಲಿ ಮಾರಲು ಒಂದು ಮಧ್ಯಾಹ್ನ ಸಾಕು. ಮಾಡಿದ ಕುಟುಂಬಕ್ಕೆ ಒಂದು ಪೈಸೆ ಇಲ್ಲ, ಹೆಸರೂ ಇಲ್ಲ. ನನ್ನ ಪೇಜ್ ನೋಡಿ ಕಲಿಯುವವರಿಗೆ ನನ್ನ ಷರತ್ತು ಒಂದೇ: ಎತ್ತು ನೋಡಿ ಎತ್ತು ಮಾಡ್ರಿ, ಗುಡಿ ನೋಡಿ ಗುಡಿ ಮಾಡ್ರಿ. ಇನ್ನೊಬ್ಬರ ಕೈಕೆಲಸ ನೋಡಿ ಮಾಡೋದಾದ್ರ ಅವರ ಮನೆಗೆ ಹೋಗಿ, ಕೇಳಿ, ಒಪ್ಪಿದ ಮೇಲೆ ಮಾಡ್ರಿ.

ಭಾಗ 9

ಶಾಲೆಗಳ ವಿಷಯ. ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಬಂತು, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ಉಪಕರಣಗಳಲ್ಲಿ ತ್ರೀಡಿ ಪ್ರಿಂಟರೂ ಉಂಟು. ನಾನು ಅದರ ವಿರೋಧಿ ಅಲ್ಲ. ಆದರೆ ಅಂಗೈಯಷ್ಟು ಗೊಂಬೆಗೆ ಪ್ರಿಂಟರ್ ಗಂಟೆಗಟ್ಟಲೆ ತಗೊಳ್ಳುತ್ತೆ. ನಲವತ್ತು ಮಕ್ಕಳ ಕ್ಲಾಸಿಗೆ ಒಂದೇ ಯಂತ್ರ ಇದ್ದರೆ ಮೂವತ್ತೊಂಬತ್ತು ಮಂದಿ ನೋಡ್ತಾ ನಿಲ್ಲೋರೇ. ಪ್ಲಾಸ್ಟಿಕ್ ದಾರ ಮುಗಿದರೆ ಎಲ್ಲರೂ ನಿಲ್ಲೋರು. ರಟ್ಟಿಗೆ ನಲವತ್ತು ಮಂದಿಗೂ ಕೆಲಸ ಐತಿ. ಕಟರ್ ಹಿಡಿಯೋವಾಗ ದೊಡ್ಡವರು ಪಕ್ಕ ಇರಬೇಕು, ಅಷ್ಟೇ.

ಕಸದಿಂದ ಕಲಿಸೋದು ಬಡವರ ಪಾಡು ಅನ್ನೋ ಮಾತು ಬಿಡಿ. ಅರವಿಂದ ಗುಪ್ತಾ ಐಐಟಿ ಕಾನ್ಪುರದಲ್ಲಿ ಓದಿದ ಇಂಜಿನಿಯರ್. 1978ರಲ್ಲಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋಗಿ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನಿಂದ ರೇಖಾಗಣಿತ ಕಲಿಸುವ ಆಟಿಕೆ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಇನ್ನು ಸೀಳಿನ ಆಟಿಕೆಗಳ ದೊಡ್ಡಪ್ಪ ಅಂದರೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1952ರಲ್ಲಿ ಮಾಡಿದ ಇಸ್ಪೀಟು ಎಲೆಯಂಥ ಕಾರ್ಡುಗಳು. ಒಂದೊಂದಕ್ಕೂ ಆರು ಸೀಳು, ಒಂದಕ್ಕೊಂದು ಸಿಕ್ಕಿಸುತ್ತಾ ಏನು ಬೇಕಾದರೂ ಕಟ್ಟಬಹುದು. ಅದೇ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಬೆನ್ನಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಯಿತು. ಆ ವರದಿಯಲ್ಲಿ ಅವರು ಮನಸಾರೆ ಹೊಗಳಿದ್ದು ನಮ್ಮ ಮನೆಯ ತಂಬಿಗೆಯನ್ನು.

"ಮನಿಯಾಗ ಕಂಪ್ಯೂಟರ್ ಇಲ್ರಿ" ಅನ್ನೋರಿಗೆ: ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇಂಟರ್ನೆಟ್ ಇದ್ದರೆ ಟಿಂಕರ್‌ಕ್ಯಾಡ್ ಬ್ರೌಸರಿನಲ್ಲೇ ತೆರೆಯುತ್ತೆ, ದುಡ್ಡಿಲ್ಲ. ಅದರಲ್ಲಿ ಹೋಳು ಮಾಡುವ ಬಟನ್ ಇಲ್ಲ, ಒಳ್ಳೆಯದೇ ಆಯ್ತು. ಮಾದರಿಯನ್ನು ನೆಲದ ಗೆರೆಯಿಂದ ಕೆಳಗೆ ಇಳಿಸ್ತಾ ಹೋಗಿ. ಆಯಾ ಮಟ್ಟದಲ್ಲಿ ಎಸ್‌ವಿಜಿ ಅಂತ ಉಳಿಸಿದರೆ ನೆಲ ಕತ್ತರಿಸಿದ ಜಾಗದ ಆಕಾರ ಮಾತ್ರ ಬರುತ್ತೆ. ಅದೇ ನಿಮ್ಮ ಹೋಳು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಕತ್ತರಿಸೋದು. ಪ್ರಿಂಟ್ ತೆಗೆಯೋವಾಗ ಅಳತೆ 100 ಪರ್ಸೆಂಟ್ ಇರಲಿ ಅಂತ ಅಂಗಡಿಯವರಿಗೆ ಎರಡು ಸಲ ಹೇಳ್ರಿ. ಇಲ್ಲಾಂದ್ರ ಪೇಪರಿಗೆ ಹೊಂದಿಸಲು ಅದೇ ಕುಗ್ಗಿಸುತ್ತೆ, ಸೀಳೂ ಕುಗ್ಗುತ್ತೆ.

ಭಾಗ 10

ಹಂಗಾದ್ರ ನಾನು ಕೇಳೋದು ಏನು?

ಕ್ಲಸ್ಟರ್ ನಡೆಸುವವರು, ಜಿಲ್ಲೆಯ ಶಿಕ್ಷಣ ಇಲಾಖೆಯವರು ಯಾರಾದರೂ ಇದನ್ನ ಓದ್ತಾ ಇದ್ದರೆ: ಹೊಸ ಲ್ಯಾಬ್ ಕೇಳ್ತಿಲ್ಲ. ಎಂಟು, ಒಂಬತ್ತನೇ ಕ್ಲಾಸಿನ ಚಿತ್ರಕಲೆ ಮತ್ತು ಗಣಿತದ ಮೇಷ್ಟ್ರು ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳುವ ಒಂದು ಪಿರಿಯಡ್, ವಾರಕ್ಕೆ. ಗಣಿತದವರಿಗೆ ಓರೆ ಕೋನದ ಸೀಳು, ಚಿತ್ರಕಲೆಯವರಿಗೆ ಎತ್ತಿನ ಡುಬ್ಬ. ವರ್ಷದ ಕೊನೆಗೆ ಮಕ್ಕಳ ಕೆಲಸವನ್ನು ಕಾರ್ಖಾನೆಯ ವಿನ್ಯಾಸದವರು ಬಂದು ನೋಡಲಿ, ಚಪ್ಪಾಳೆ ತಟ್ಟಿ ಫೋಟೊ ತೆಗೆಸಿಕೊಂಡು ಹೋಗೋದಲ್ಲ, ಕೂತು "ಇದು ಯಾಕೆ ಹೀಗೆ ಮಾಡಿದೆ?" ಅಂತ ಕೇಳಲಿ. ನೌಕರಿಗೆ ತಗೊಳ್ಳುವಾಗ ಮಾರ್ಕ್ಸ್ ಕಾರ್ಡಿನ ಜೊತೆ ಒಂದು ರಟ್ಟಿನ ಕೆಲಸವನ್ನೂ ಮೇಜಿನ ಮೇಲೆ ಇಡಲು ಹೇಳಲಿ.

ಕಿರಾಣಿ ಅಂಗಡಿಯವರಿಗೆ: ಡಬ್ಬಿಗಳನ್ನು ತುಳಿದು ಚಪ್ಪಟೆ ಮಾಡೋ ಮೊದಲು ಅಂಚಿನ ಟೇಪ್ ಬಿಚ್ಚಿ ಮಡಚಿಟ್ಟರೆ ಅಲೆ ಜಜ್ಜೋದಿಲ್ಲ. ಹುಡುಗರು ಕೇಳ್ಕೊಂಡು ಬಂದರೆ ರದ್ದಿ ರೇಟಿಗೇ ಕೊಡ್ರಿ.

"ರೆಡಿ ಫೈಲ್ ಹಾಕ್ರಿ ಅಣ್ಣಾರ" ಅಂತ ಕೇಳಿದವರಿಗೆ ಬರುವ ಭಾನುವಾರ ಎತ್ತಿನ ಪಿಡಿಎಫ್ ಹಾಕ್ತೀನಿ. ಮೂರು ಪ್ಲೈಗೆ, ಅಲೆಯ ದಿಕ್ಕಿನ ಬಾಣದ ಜೊತೆ. ಕಾಲು, ಹೊಟ್ಟೆ, ಕೋಡು, ಬಾಲ ಎಲ್ಲಾ ಇರುತ್ತೆ. ಬೆನ್ನ ನಡುವಿನ ಉದ್ದ ತುಣುಕಿನಲ್ಲಿ ಸೀಳುಗಳು ಮಾತ್ರ ಬಿದ್ದಿರುತ್ತವೆ, ಮೇಲಿನ ಅಂಚು ಖಾಲಿ. ಅಲ್ಲಿ ಡುಬ್ಬ ಎಲ್ಲಿ ಏರಬೇಕು, ಎಷ್ಟು ಏರಬೇಕು ಅಂತ ಕೊಟ್ಟಿಗೆಗೆ ಹೋಗಿ ನಿಮ್ಮ ಎತ್ತಿನ ಪಕ್ಕ ನಿಂತು ನೀವ ಬರ್ಕೋರಿ. ನಿಮ್ಮ ಮನಿಯಾಗ ಎತ್ತು ಇಲ್ಲಾಂದ್ರ ಪಕ್ಕದ ಮನಿಯಾಗ ಇರ್ತಾವ. ಬರೆದ ಅಂಚಿನ ಫೋಟೊ ಕಳಿಸಿದವರಿಗೆ ಇಟಗಿ ಕಂಬದ ಫೈಲ್ ಮುಂದಿನ ವಾರ.

#ಕುಕನೂರು #ಕೊಪ್ಪಳ #ರಟ್ಟಿನಶಿಲ್ಪ #ಸೀಳುರಟ್ಟು #ಇಟಗಿ #ಕಿನ್ನಾಳ #ಭಾನಾಪುರ #ಮಣ್ಣೆತ್ತು #ಕನ್ನಡದಲ್ಲಿವಿನ್ಯಾಸ